ಅರ್ಧ ಅಂಗದ ಪ್ರಶ್ನೆಗೆ ಚೋರಟೆಯ ಉತ್ತರ

ಜೀವವಿಕಾಸವನ್ನು ಒಪ್ಪದವರು ಕೇಳುವ ಪ್ರಶ್ನೆಗಳಲ್ಲಿ ಹಲವು ಟೊಳ್ಳು. ಒಂದು ಮಾತ್ರ ಗಟ್ಟಿ ಪ್ರಶ್ನೆ. ನಿಸರ್ಗದ ಆಯ್ಕೆ ಹೆಜ್ಜೆ ಹೆಜ್ಜೆಯಾಗಿ ಸಾಗುವುದಾದರೆ, ಪ್ರತಿ ಹೆಜ್ಜೆಯೂ ಅದನ್ನಿಟ್ಟ ಜೀವಿಗೆ ಆಗಿಂದಾಗಲೇ ಉಪಯೋಗಕ್ಕೆ ಬರಬೇಕು. ಮುಂದೆಂದೋ ಆಗುವ ಲಾಭವನ್ನು ನಂಬಿ ಯಾವ ಜೀವಿಯೂ ಕಾದು ಕೂರಲಾರದು. ಹಾಗಾದರೆ ಅರ್ಧ ಆದ ರೆಕ್ಕೆಯಿಂದ, ಅರ್ಧ ಆದ ಕಣ್ಣಿನಿಂದ, ಅರ್ಧ ಆದ ವಿಷದ ಚೀಲದಿಂದ ಏನು ಪ್ರಯೋಜನ? 1871ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಸೇಂಟ್ ಜಾರ್ಜ್ ಮೈವಾರ್ಟ್ ಈ ಆಕ್ಷೇಪವನ್ನು ಪುಸ್ತಕವಾಗಿಯೇ ಬರೆದರು. ಡಾರ್ವಿನ್ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮರುವರ್ಷ ಹೊರಬಂದ ‘ಜೀವಿಗಳ ಉಗಮ’ದ ಆರನೆಯ ಆವೃತ್ತಿಗೆ ಹೊಸ ಅಧ್ಯಾಯವನ್ನೇ ಸೇರಿಸಿ ಉತ್ತರ ಕೊಟ್ಟರು.

ಇದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಕಣ್ಣು. ಬೆಳಕು ನೆರಳನ್ನಷ್ಟೇ ಗುರುತಿಸುವ ಚುಕ್ಕೆಯಿಂದ ಹಿಡಿದು ಮಸೂರವಿರುವ ಕಣ್ಣಿನವರೆಗೆ ಎಲ್ಲ ಹಂತಗಳನ್ನೂ ಇಂದು ಬದುಕಿರುವ ಪ್ರಾಣಿಗಳಲ್ಲೇ ತೋರಿಸಬಹುದು. ಉತ್ತರ ಸರಿಯಾದದ್ದೇ. ಆದರೆ ಚರ್ಚೆ ರಸಾಯನದ ಕಡೆಗೆ ಹೊರಳಿದರೆ ಕಣ್ಣಿನ ಉದಾಹರಣೆ ನೆರವಿಗೆ ಬರುವುದಿಲ್ಲ. ಮಸುಕು ನೋಟಕ್ಕೂ ಬೆಲೆಯಿದೆ ಎಂದು ಎಲ್ಲರೂ ಒಪ್ಪುತ್ತಾರೆ. ಅರ್ಧ ಸ್ಫೋಟಕ್ಕೆ ಬೆಲೆಯೆಲ್ಲಿಯದು? ವಿಕಾಸವಾದದ ವಿರೋಧಿಗಳು ಬಾಂಬಾರ್ಡಿಯರ್ ದುಂಬಿಯನ್ನು ಮತ್ತೆ ಮತ್ತೆ ಮುಂದೆ ತರುವುದು ಈ ಕಾರಣಕ್ಕೇ. ಅದು ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಒಂದು ಚೀಲದಲ್ಲಿ ತುಂಬಿಟ್ಟುಕೊಂಡು, ಬೇಕಾದಾಗ ಪಕ್ಕದ ಕೋಣೆಯ ಕಿಣ್ವಗಳೊಡನೆ ಬೆರೆಸಿ, ಸುಮಾರು 100 ಡಿಗ್ರಿ ಸೆಲ್ಸಿಯಸ್ ಕಾವಿನ ದ್ರವವನ್ನು ಶತ್ರುವಿನ ಮೇಲೆ ಚಿಮ್ಮಿಸುತ್ತದೆ. ಒಂದು ಭಾಗ ಕಡಿಮೆಯಾದರೂ ಇಡೀ ವ್ಯವಸ್ಥೆ ಕೆಲಸಕ್ಕೆ ಬಾರದು, ಹಾಗಾಗಿ ಅದು ಒಂದೇ ಸಲಕ್ಕೆ ಪೂರ್ತಿಯಾಗಿ ಆಗಿರಬೇಕು ಎಂಬುದು ಅವರ ವಾದ.

ಈ ವಾದಕ್ಕೆ ನನಗೆ ತಿಳಿದಂತೆ ಅತ್ಯಂತ ಪೂರ್ಣವಾದ ಉತ್ತರ ಸಿಗುವುದು ತರಗೆಲೆಯ ಅಡಿಯಲ್ಲಿ. ಮಲೆನಾಡಿನಲ್ಲಿ ಚೋರಟೆ, ಕರಾವಳಿಯಲ್ಲಿ ಚೇರಂಟೆ, ಊರೂರಿನ ಮಕ್ಕಳ ಬಾಯಲ್ಲಿ ರೈಲು ಹುಳ, ಪಠ್ಯಪುಸ್ತಕದಲ್ಲಿ ಸಹಸ್ರಪದಿ ಎನಿಸಿಕೊಳ್ಳುವ ಪ್ರಾಣಿ ಇದು. ಬಾಂಬಾರ್ಡಿಯರ್ ದುಂಬಿಯಷ್ಟೇ ನಾಜೂಕಾದ ಎರಡು ಕೋಣೆಯ ವಿಷದ ಅಂಗ ಇದರ ಬಂಧುಗಳಲ್ಲೂ ಇದೆ. ಜೊತೆಗೆ ಒಂದೇ ಕೋಣೆಯವು, ಕೋಣೆಯಿದ್ದೂ ಬೇರೆ ರಸ ತುಂಬಿಕೊಂಡವು, ಕೋಣೆಯೇ ಇಲ್ಲದವು ಎಲ್ಲವೂ ಇವೆ. ಮೈವಾರ್ಟ್ ಕೇಳಿದ ಅರ್ಧ ಅಂಗಗಳು ಇಲ್ಲಿ ಒಂದೊಂದೂ ಪೂರ್ತಿ ಬದುಕನ್ನು ನಡೆಸುತ್ತಿವೆ.

ಮೊದಲು ಒಂದು ಗೊಂದಲ ಪರಿಹರಿಸಿಬಿಡೋಣ. ಜರಿ ಬೇರೆ, ಚೋರಟೆ ಬೇರೆ. ಜರಿಗೆ ಮೈಯ ಒಂದೊಂದು ಖಂಡಕ್ಕೆ ಒಂದು ಜೊತೆ ಕಾಲು, ತಲೆಯ ಕೆಳಗೆ ವಿಷದ ಕೊಂಡಿ. ಅದು ಓಡಿ ಬೇಟೆ ಹಿಡಿಯುತ್ತದೆ, ಕಚ್ಚುತ್ತದೆ. ಚೋರಟೆಯ ಬಹುತೇಕ ಉಂಗುರಗಳಲ್ಲಿ ಎರಡೆರಡು ಜೊತೆ ಕಾಲು, ಆಹಾರ ಕೊಳೆತ ಎಲೆ, ಕೊಳೆತ ಮರ. ಕಚ್ಚುವ ಸಾಧನವೇ ಅದಕ್ಕಿಲ್ಲ. ‘ಚೋರಟೆ ಕಚ್ಚಿತು’ ಎಂದು ಜನ ತೋರಿಸುವ ಕಂದು ಕಲೆ ಕಡಿತದಿಂದ ಆದದ್ದಲ್ಲ, ಅದರ ಮೈಯಿಂದ ಒಸರಿದ ಬೆಂಜೋಕ್ವಿನೋನ್ ಎಂಬ ರಾಸಾಯನಿಕ ತಾಗಿ ಚರ್ಮ ಬಣ್ಣಗಟ್ಟಿದ್ದು. ಕೂಡಲೇ ಚೆನ್ನಾಗಿ ನೀರು ಹಾಕಿ ತೊಳೆದರೆ ಸಾಕು; ಕಣ್ಣಿಗೆ ತಾಗಿದರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಇಲ್ಲಿಯವರೆಗೆ ಹೆಸರಿಸಲಾದ ಸಹಸ್ರಪದಿ ಪ್ರಭೇದಗಳು ಸುಮಾರು 12,000. ಅವುಗಳಲ್ಲಿ ಬಹುಪಾಲಿಗೆ ಓಟ ಬಾರದು, ಹಾರಲು ರೆಕ್ಕೆಯಿಲ್ಲ. ಕಾಲುಗಳು ಗಿಡ್ಡ, ಆದರೆ ಒಟ್ಟಾಗಿ ತಳ್ಳಿದರೆ ಮಣ್ಣಿನೊಳಗೆ, ತರಗೆಲೆಯ ಪದರಗಳ ನಡುವೆ ನುಗ್ಗುವ ಬಲ ಕೊಡುತ್ತವೆ. ಸುಣ್ಣದಂಶ ಸೇರಿದ ಗಟ್ಟಿ ಕವಚವಿದೆ. ಕೊಳೆತ ಎಲೆಯಲ್ಲಿ ಪೋಷಕಾಂಶ ಕಡಿಮೆ, ಅದನ್ನು ತಿಂದು ಬದುಕುವವರಿಗೆ ವೇಗದ ಬದುಕು ದಕ್ಕುವುದಿಲ್ಲ. ನಿಧಾನವಾಗಿ, ಒಂದೇ ಕಡೆ, ಬಹುಕಾಲ ಇರಬೇಕು. ಇರುವೆ, ಜೇಡ, ಚೇಳು, ಜರಿ, ಕಪ್ಪೆ, ಹಕ್ಕಿ ಎಲ್ಲ ಓಡಾಡುವ ನೆಲದಲ್ಲಿ ಇಂಥ ಬದುಕು ಸಾಧ್ಯವಾಗಬೇಕಾದರೆ ಮೈಯೇ ರುಚಿಗೆಟ್ಟದ್ದಾಗಿರಬೇಕು. ವಿಷ ಎಂದಾಗ ನಮಗೆ ದಾಳಿಯ ನೆನಪಾಗುತ್ತದೆ. ಇಲ್ಲಿ ಅದು ಎಲೆ ತಿಂದುಕೊಂಡು ನೆಮ್ಮದಿಯಿಂದಿರಲು ಪಡೆದ ಪರವಾನಗಿ.

ಈಗ ಕಷ್ಟದ ಉದಾಹರಣೆಗೇ ಬರೋಣ. ಸಹಸ್ರಪದಿಗಳಲ್ಲಿ ಅತಿ ಹೆಚ್ಚು ಪ್ರಭೇದಗಳಿರುವ ಗಣ ಪಾಲಿಡೆಸ್ಮಿಡ. ಪಶ್ಚಿಮ ಘಟ್ಟದಲ್ಲಿ ಮುಂಗಾರು ಶುರುವಾದಾಗ ದಾರಿಯ ಪಕ್ಕ, ತೋಟದ ಹಾಳೆಯ ಅಡಿ ಕಾಣುವ, ಕರಿಮೈಗೆ ಹಳದಿ ಅಂಚಿನ ಚಪ್ಪಟೆ ಚೋರಟೆಗಳು ಈ ಗಣಕ್ಕೆ ಸೇರಿದವು. ಸಾಮಾನ್ಯವಾಗಿ ಸುಮಾರು 20 ಉಂಗುರಗಳ ಮೈ. ಒಂದೊಂದು ಉಂಗುರದ ಎಡಬಲಕ್ಕೂ ಚಿಕ್ಕ ಚಾಚು. ಭೂತಗನ್ನಡಿ ಹಿಡಿದು ನೋಡಿದರೆ ಕೆಲವು ಉಂಗುರಗಳ ಚಾಚಿನ ಅಂಚಿನಲ್ಲಿ ಸೂಜಿಮೊನೆಯಷ್ಟು ರಂಧ್ರ ಕಾಣುತ್ತದೆ. ರಂಧ್ರವಿರುವುದು ಎಲ್ಲ ಉಂಗುರಗಳಲ್ಲಲ್ಲ: ಈ ಗಣದ ಮಾಮೂಲು ಲೆಕ್ಕದಂತೆ 5, 7, 9, 10, 12, 13, ಆಮೇಲೆ 15ರಿಂದ 19. ದಾಳಿ ಎಲ್ಲಿ ಆಯಿತೋ ಆ ಭಾಗದ ರಂಧ್ರಗಳಷ್ಟೇ ತೆರೆಯಬಲ್ಲವು, ಉಳಿದವು ಮುಚ್ಚಿಯೇ ಇರುತ್ತವೆ. ಈ ಗಣದ ಪ್ರಾಣಿಗಳಿಗೆ ಕಣ್ಣಿಲ್ಲ. ಮೈಮೇಲಿನ ಹಳದಿ ಎಚ್ಚರಿಕೆಯನ್ನು ಓದುವುದು ಬೇರೆಯವರ ಕಣ್ಣು.

ಇವುಗಳನ್ನು ಕಡ್ಡಿಯಿಂದ ಕೆಣಕಿದರೆ ಬಾದಾಮಿ ಎಸೆನ್ಸಿನ ವಾಸನೆ ಬರುತ್ತದೆ. ಅದು ಬೆಂಜಾಲ್ಡಿಹೈಡ್. ಅದರ ಜೊತೆಗೇ ಹೊರಬೀಳುವ ಇನ್ನೊಂದು ಅನಿಲ ಹೈಡ್ರೋಜನ್ ಸಯನೈಡ್. ಸಹಸ್ರಪದಿಯೊಂದು ಸಯನೈಡ್ ಉತ್ಪಾದಿಸುತ್ತದೆ ಎಂದು 1882ರಲ್ಲೇ ಯುರೋಪಿನಲ್ಲಿ ಗುರುತಿಸಿದ್ದರು. ಹೇಗೆ ಉತ್ಪಾದಿಸುತ್ತದೆ ಎಂಬುದನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಸಂಗಡಿಗರು ಅಫೆಲೋರಿಯಾ ಎಂಬ ಚಪ್ಪಟೆ ಸಹಸ್ರಪದಿಯಲ್ಲಿ ಬಿಡಿಸಿ ತೋರಿಸಿದರು. ಒಂದೊಂದು ರಂಧ್ರದ ಹಿಂದೆಯೂ ಎರಡು ಕೋಣೆ. ಒಳಗಿನ ದೊಡ್ಡ ಕೋಣೆಯಲ್ಲಿ ಮ್ಯಾಂಡೆಲೋನೈಟ್ರೈಲ್ ಎಂಬ ದ್ರವ. ಹೊರಗಿನ ಚಿಕ್ಕ ಕೋಣೆಯಲ್ಲಿ ಅದನ್ನು ಒಡೆಯುವ ಕಿಣ್ವ. ನಡುವೆ ಕವಾಟ, ಕವಾಟಕ್ಕೊಂದು ಸ್ನಾಯು. ಪ್ರಾಣಿ ಬೆದರಿದಾಗ ಸ್ನಾಯು ಕವಾಟವನ್ನೆಳೆಯುತ್ತದೆ, ಒಳಗಿನ ದ್ರವ ಹೊರ ಕೋಣೆಗೆ ನುಗ್ಗುತ್ತದೆ, ಕಿಣ್ವ ಅದನ್ನು ಬೆಂಜಾಲ್ಡಿಹೈಡ್ ಮತ್ತು ಸಯನೈಡ್ ಆಗಿ ಸೀಳುತ್ತದೆ. ಎಲೆ, ಅಡಿಕೆ, ಸುಣ್ಣ ಬೇರೆ ಬೇರೆ ಇರುವಾಗ ಎಲ್ಲೂ ಕೆಂಪಿಲ್ಲ, ಬಾಯಲ್ಲಿ ಕೂಡಿದಾಗಲೇ ಕೆಂಪು, ಇದೂ ಹಾಗೆಯೇ. ಸಯನೈಡು ಜೀವಕೋಶಗಳ ಉಸಿರಾಟವನ್ನೇ ಕಟ್ಟುವ ವಸ್ತು, ಅದನ್ನು ಸಯನೈಡಾಗಿ ಮೈಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ಬೇಕಾದ ಕ್ಷಣದಲ್ಲಿ, ಬೇಕಾದ ಜಾಗದಲ್ಲಿ, ಮೈಯ ಅಂಚಿನಲ್ಲಿ ತಯಾರಾಗುವಂತೆ ನೋಡಿಕೊಳ್ಳಬೇಕು.

ವಿರೋಧಿಗಳ ವಾದವನ್ನು ಇಲ್ಲಿಗೆ ಅನ್ವಯಿಸಿ ನೋಡಿ. ಕಿಣ್ವವಿಲ್ಲದೆ ಮ್ಯಾಂಡೆಲೋನೈಟ್ರೈಲಿನಿಂದ ಏನುಪಯೋಗ? ಮ್ಯಾಂಡೆಲೋನೈಟ್ರೈಲ್ ಇಲ್ಲದೆ ಕಿಣ್ವಕ್ಕೆ ಏನು ಕೆಲಸ? ಕವಾಟವಿಲ್ಲದಿದ್ದರೆ ಪ್ರಾಣಿಯೇ ಸಾಯುವುದಿಲ್ಲವೇ? ಮೂರೂ ಒಟ್ಟಿಗೆ ಬರಬೇಕಲ್ಲ? ಕೇಳಿದೊಡನೆ ಹೌದೆನ್ನಿಸುತ್ತದೆ. ಒಂದೊಂದಾಗಿ ಬಿಡಿಸಿದರೆ ಹಾಗಿಲ್ಲ.

ಕೋಣೆಯಿಂದ ಶುರುಮಾಡೋಣ. ಈ ಗ್ರಂಥಿ ಮೈಯ ಹೊರಕವಚವೇ ಒಳಕ್ಕೆ ಮಡಚಿ ಆದ ಚೀಲ, ಅದರ ಒಳಮೈಗೂ ಕವಚದ್ದೇ ಪದರವಿದೆ. ಹೊರಕವಚಕ್ಕೆ ರಸ ಒಸರುವ ಜೀವಕೋಶಗಳು ಸಂಧಿಪದಿಗಳ ಮೈಯಲ್ಲಿ ಎಲ್ಲೆಲ್ಲೂ ಇವೆ. ಕವಚವನ್ನು ಗಟ್ಟಿಗೊಳಿಸಲು ಅವಕ್ಕೆ ಫೀನಾಲ್ ಜಾತಿಯ ವಸ್ತುಗಳೂ ಅವುಗಳಿಂದಾಗುವ ಕ್ವಿನೋನ್‌ಗಳೂ ಬೇಕು. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಇಂಥವನ್ನು ತಯಾರಿಸುವ ಕಲೆ ಸಂಧಿಪದಿಗಳಲ್ಲಿ ವಿಷಕ್ಕಿಂತ ಎಷ್ಟೋ ಹಳೆಯದು. ಕ್ವಿನೋನಿನ ವಿಷಗಳು ಈ ಕವಚ ಕಟ್ಟುವ ರಸಾಯನದಿಂದಲೇ ಕವಲೊಡೆದಿರಬೇಕು ಎಂದು ಕೀಟಗಳ ಮೇಲೆ ಕೆಲಸ ಮಾಡಿದವರು ಬಹಳ ಹಿಂದೆಯೇ ಸೂಚಿಸಿದ್ದಾರೆ. ನನಗೂ ಅದೇ ಸರಿ ಎನ್ನಿಸುತ್ತದೆ. ಅಂದಮೇಲೆ ಮೊದಲ ಹಂತಕ್ಕೆ ಹೊಸದೇನೂ ಬೇಕಿಲ್ಲ. ಕವಚಕ್ಕಾಗಿ ಒಸರುವ ರಸ ಸ್ವಲ್ಪ ಹೆಚ್ಚಾಗಿ ಒಂದು ಕುಳಿಯಲ್ಲಿ ನಿಂತರೆ, ಅದರ ಘಾಟಿಗೆ ಕಚ್ಚಲು ಬಂದವನು ಅರೆಗಳಿಗೆ ಹಿಂಜರಿದರೆ, ಅಷ್ಟೇ ಸಾಕು. ಕಾಲಿಪೋಡಿಡ ಎಂಬ ಗಣದ ಸಹಸ್ರಪದಿಗಳು ಇಂದಿಗೂ ಮುಖ್ಯವಾಗಿ ಕ್ರೆಸಾಲ್ ಒಸರುತ್ತಲೇ ಬದುಕಿವೆ. ಕ್ರೆಸಾಲ್ ಎಂದರೆ ಫೀನಾಲಿನ ಹತ್ತಿರದ ಬಂಧು, ಆಸ್ಪತ್ರೆಯ ನೆಲ ಒರೆಸುವ ದ್ರಾವಣದ ನೆನಪು ತರುವ ವಾಸನೆ. ಅವು ಯಾವುದಕ್ಕೂ ಅರ್ಧವಲ್ಲ.

ಕ್ರೆಸಾಲನ್ನು ಇನ್ನಷ್ಟು ಉತ್ಕರ್ಷಿಸಿದರೆ ಸಿಗುವುದು ಬೆಂಜೋಕ್ವಿನೋನ್. ನಮ್ಮ ಸುತ್ತ ಹೆಚ್ಚು ಕಾಣುವ ಉರುಟು ಮೈಯ ಚೋರಟೆಗಳ ಆಯುಧ ಇದೇ. ತಮಿಳುನಾಡಿನಲ್ಲೂ ನಮ್ಮಲ್ಲೂ ಹುಲ್ಲು, ಗರಿ ಹೊದೆಸಿದ ಮಾಡುಗಳಲ್ಲಿ ಹಿಂಡಾಗಿ ಸೇರಿಕೊಳ್ಳುವ, ಕಪ್ಪು ಮೈಗೆ ಕೆಂಪು ಪಟ್ಟೆಯ ಕ್ಸೆನೋಬೋಲಸ್ ಕಾರ್ನಿಫೆಕ್ಸ್ ಈ ಗುಂಪಿನದು. ವೆನೆಜುವೆಲಾದ ಕಾಡಿನಲ್ಲಿ ಕಪುಚಿನ್ ಮಂಗಗಳು ಇಂಥದೇ ಒಂದು ಜಾತಿಯನ್ನು ಹಿಡಿದು ಮೈಗೆಲ್ಲ ಉಜ್ಜಿಕೊಳ್ಳುತ್ತವೆ. ಅದರ ಬೆಂಜೋಕ್ವಿನೋನ್‌ಗಳು ಸೊಳ್ಳೆಗಳನ್ನು ದೂರವಿಡುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ.

ಈಗ ಸಯನೈಡು. ಇಲ್ಲಿ ರಸಾಯನಶಾಸ್ತ್ರವೇ ನಮ್ಮ ಪ್ರಶ್ನೆಯನ್ನು ಅರ್ಧ ಕರಗಿಸುತ್ತದೆ. ಮ್ಯಾಂಡೆಲೋನೈಟ್ರೈಲ್ ಸ್ಥಿರವಾದ ವಸ್ತುವಲ್ಲ, ಕಿಣ್ವದ ನೆರವಿಲ್ಲದಿದ್ದರೂ ನಿಧಾನವಾಗಿ ಒಡೆಯುತ್ತದೆ. ಹೊರಗೆ ಹನಿಯಾಗಿ ನಿಂತರೂ ಬಾದಾಮಿ ವಾಸನೆ ಬೀರುತ್ತದೆ, ಅಷ್ಟಿಷ್ಟು ಸಯನೈಡೂ ಬಿಡುತ್ತದೆ. ಬೆಂಜಾಲ್ಡಿಹೈಡ್ ಒಂದೇ ಇರುವೆಗಳನ್ನು ಹಿಮ್ಮೆಟ್ಟಿಸಬಲ್ಲದು. ಅಂದರೆ ಫೀನಾಲ್ ಒಸರುತ್ತಿದ್ದ ಒಂಟಿ ಕೋಣೆಗೆ ಚೂರು ಮ್ಯಾಂಡೆಲೋನೈಟ್ರೈಲ್ ಸೇರಿದ್ದೇ ಲಾಭ. ಕಿಣ್ವ ಬಂದಾಗ ಅದು ಹೊಸ ಕೆಲಸವನ್ನೇನೂ ಹುಟ್ಟುಹಾಕಲಿಲ್ಲ, ಮೊದಲೇ ನಡೆಯುತ್ತಿದ್ದುದನ್ನು ಬಿರುಸುಗೊಳಿಸಿತು. ಬಿರುಸು ಹೆಚ್ಚಿದಂತೆ ದ್ರವವನ್ನೂ ಕಿಣ್ವವನ್ನೂ ದೂರ ಇಡುವುದರ ಬೆಲೆ ಹೆಚ್ಚಿತು. ಚೀಲದ ಬಾಯಿಯ ಹತ್ತಿರದ ಭಾಗ ಬೇರೆ ಕೋಣೆಯಾಗಲು ಆಗ ಕಾರಣ ಸಿಕ್ಕಿತು. ಮೂರೂ ಒಟ್ಟಿಗೆ ಬರಬೇಕೆಂಬ ಒತ್ತಾಯ ಇಲ್ಲಿ ಸಡಿಲುತ್ತದೆ. ಚಪ್ಪಟೆ ಸಹಸ್ರಪದಿಗಳ ಸ್ರಾವದಲ್ಲಿ ಇವತ್ತಿಗೂ ಸಯನೈಡಿನ ಜೊತೆಗೆ ಫೀನಾಲ್, ಗ್ವಾಯಕಾಲ್ ಸಿಗುತ್ತವೆ. ಹಳೆಯದನ್ನು ಕಿತ್ತೆಸೆಯದೆ ಅದರ ಮೇಲೆಯೇ ಹೊಸದನ್ನು ಕಟ್ಟಿದ್ದರ ಗುರುತು ಅದು.

ಈ ಸರಪಳಿಯ ಕೊಂಡಿಗಳನ್ನು ಹೆಚ್ಚಾಗಿ ಬಿಡಿಸಿದವರು ಜಪಾನಿನ ವಿಜ್ಞಾನಿಗಳು. ತೈವಾನ್ ಮೂಲದ, ಜಪಾನಿನ ದಕ್ಷಿಣ ದ್ವೀಪಗಳಿಗೆ ಹಬ್ಬಿ ಉಪದ್ರವವಾದ ಚೇಂಬರ್ಲಿನಿಯಸ್ ಹ್ವಾಲಿಯೆನೆನ್ಸಿಸ್ ಎಂಬ ಚಪ್ಪಟೆ ಸಹಸ್ರಪದಿಯಿಂದ ಅವರು ಮ್ಯಾಂಡೆಲೋನೈಟ್ರೈಲಿಗೆ ಸಂಬಂಧಿಸಿದ ಕಿಣ್ವವನ್ನು ಬೇರ್ಪಡಿಸಿ 2015ರಲ್ಲಿ ಪ್ರಕಟಿಸಿದರು. ಅದು ಬಾದಾಮಿ ಗಿಡದ ಅದೇ ಕೆಲಸದ ಕಿಣ್ವಕ್ಕಿಂತ ಹಲವು ಪಟ್ಟು ಚುರುಕು, ರಚನೆಯಲ್ಲಿ ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಫಿನೈಲಲನಿನ್ ಎಂಬ ಅಮೈನೋ ಆಮ್ಲದಿಂದ ಹೊರಟು ಮ್ಯಾಂಡೆಲೋನೈಟ್ರೈಲಿಗೆ ಬರುವ ದಾರಿಯಲ್ಲಿ ಕೆಲಸ ಮಾಡುವುದು ಪಿ450 ಎಂಬ ದೊಡ್ಡ ಕುಟುಂಬದ ಕಿಣ್ವ. ಪಿ450 ಕುಟುಂಬದವು ಎಲ್ಲ ಪ್ರಾಣಿಗಳಲ್ಲೂ ಇವೆ, ನಮ್ಮ ಯಕೃತ್ತಿನಲ್ಲೂ ಇವೆ; ಆಹಾರದ ಜೊತೆ ಬಂದ ವಿಷವನ್ನು ಕಳೆಯುವುದು, ಹಾರ್ಮೋನ್ ಕಟ್ಟುವುದು ಅವುಗಳ ದಿನನಿತ್ಯದ ಕಾಯಕ. ಒಂದು ವರ್ಷದ ಬಳಿಕ ಇನ್ನೊಂದು ಕಿಣ್ವ ಪತ್ತೆಯಾಯಿತು. ಅದು ಅದೇ ಮ್ಯಾಂಡೆಲೋನೈಟ್ರೈಲನ್ನು ಬೆಂಜೋಯಿಲ್ ಸಯನೈಡ್ ಎಂಬ ಮತ್ತೊಂದು ವಿಷವಾಗಿ ಮಾರ್ಪಡಿಸುತ್ತದೆ. ಇದ್ದ ಕಟ್ಟಡದ ಮೇಲೆ ಇನ್ನೊಂದು ಅಂತಸ್ತು.

ಉತ್ತರ ಕರ್ನಾಟಕದ ರೈತರಿಗೆ ಈ ರಸಾಯನದ ಇನ್ನೊಂದು ರೂಪ ಚೆನ್ನಾಗಿ ಗೊತ್ತು. ಮಳೆ ಕೈಕೊಟ್ಟು ಮುರುಟಿದ ಎಳೆ ಜೋಳವನ್ನು, ಕೊಯ್ಲಾದ ಮೇಲೆ ಚಿಗುರಿದ ಕೂಳೆ ಜೋಳವನ್ನು ದನಗಳಿಗೆ ಮೇಯಲು ಬಿಡುವುದಿಲ್ಲ; ಮೇಯ್ದ ದನ ಏದುಸಿರು ಬಿಟ್ಟು ಕುಸಿದು ಬೀಳುತ್ತದೆ. ಎಳೆ ಜೋಳದಲ್ಲಿರುವ ಧುರಿನ್ ಎಂದರೆ ಮ್ಯಾಂಡೆಲೋನೈಟ್ರೈಲಿನ ಹತ್ತಿರದ ಬಂಧುವಿಗೆ ಸಕ್ಕರೆಯ ಅಣು ಅಂಟಿಕೊಂಡ ವಸ್ತು. ಮಲೆನಾಡಿನಲ್ಲಿ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಹಾಕುವುದೂ ಇಂಥದೇ ವಸ್ತುವನ್ನು ಕಳೆಯಲು. ಜೋಳದ ಎಲೆಯಲ್ಲಿ ಧುರಿನ್ ಒಂದು ಜಾಗದಲ್ಲಿ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಜಾಗದಲ್ಲಿ. ದನ ಅಗಿದಾಗ ಎರಡೂ ಕೂಡಿ ಸಯನೈಡು ಹುಟ್ಟುತ್ತದೆ. ಒಂದು ಹುಲ್ಲು, ಒಂದು ಚೋರಟೆ, ಇವೆರಡಕ್ಕೂ ನಂಟಿಲ್ಲದ ಕೆಲವು ಪತಂಗಗಳು ಬೇರೆ ಬೇರೆ ಕಿಣ್ವಗಳನ್ನು ಹಿಡಿದು ಒಂದೇ ಉಪಾಯಕ್ಕೆ ಬಂದು ಮುಟ್ಟಿವೆ. ಒಮ್ಮೆಗೇ ಕೂಡಿಬರಬೇಕಾದಷ್ಟು ಅಪರೂಪದ ಘಟನೆಯಾಗಿದ್ದರೆ ಅದು ಹೀಗೆ ಮತ್ತೆ ಮತ್ತೆ ನಡೆಯುತ್ತಿರಲಿಲ್ಲ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವಿದೆ. ಇಂದು ಬದುಕಿರುವ ಕ್ರೆಸಾಲಿನ ಸಹಸ್ರಪದಿ ಸಯನೈಡಿನ ಸಹಸ್ರಪದಿಯ ಅಜ್ಜಿಯಲ್ಲ, ಸೋದರಸಂಬಂಧಿ. ಜೀವಂತ ಪ್ರಾಣಿಗಳನ್ನು ಸರಳದಿಂದ ಸಂಕೀರ್ಣಕ್ಕೆ ಸಾಲಾಗಿ ನಿಲ್ಲಿಸಿ, ಇದೇ ಇತಿಹಾಸ ಎಂದರೆ ಅದು ಪುರಾವೆಯಾಗುವುದಿಲ್ಲ. ವಂಶವೃಕ್ಷವನ್ನು ವಿಷವನ್ನು ನೋಡದೆ, ಬೇರೆ ಆಧಾರದಿಂದ ಕಟ್ಟಬೇಕು. ಆಮೇಲೆ ಯಾವ ಕೊಂಬೆಯಲ್ಲಿ ಯಾವ ವಿಷವಿದೆ ಎಂದು ಗುರುತಿಸಬೇಕು. 2018ರಲ್ಲಿ ಹುವಾನಿಟಾ ರೊಡ್ರಿಗ್ವೆಸ್ ಮತ್ತು ಸಂಗಡಿಗರು ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಇದೇ. ಜೀನುಗಳ ಭಾರೀ ಮಾಹಿತಿಯಿಂದ ಸಹಸ್ರಪದಿಗಳ ವಂಶವೃಕ್ಷ ಕಟ್ಟಿ ಅದರ ಮೇಲೆ ರಾಸಾಯನಿಕಗಳನ್ನು ಇಟ್ಟು ನೋಡಿದಾಗ, ಹೊಸ ವಿಷ ತಯಾರಿಸುವ ದಾರಿಗಳು ಒಂದರ ಮೇಲೊಂದು ಸೇರುತ್ತ ಹೋದದ್ದು, ಕಾಲ ಕಳೆದಂತೆ ಸಂಕೀರ್ಣತೆ ಏರಿದ್ದು, ಅದೂ ಬೇರೆ ಬೇರೆ ಕೊಂಬೆಗಳಲ್ಲಿ ಸ್ವತಂತ್ರವಾಗಿ ಏರಿದ್ದು ಕಂಡಿತು. ಕ್ವಿನೋನಿನ ಕೊಂಬೆ ಒಂದು, ಸಯನೈಡಿನ ಕೊಂಬೆ ಇನ್ನೊಂದು. ಮೂರನೆಯದು ಹೀರುವ ಬಾಯಿಯ ಪುಟ್ಟ ಸಹಸ್ರಪದಿಗಳ ಕೊಂಬೆ. ಅವುಗಳಲ್ಲಿ ಕರ್ಪೂರದ ವಾಸನೆಯ ಟರ್ಪೀನ್‌ಗಳೂ ಆಲ್ಕಲಾಯ್ಡ್‌ಗಳೂ ಇವೆ. ಮಧ್ಯ ಅಮೆರಿಕದ ವಿಷಕಪ್ಪೆಗಳು ಈ ಗುಂಪಿನ ಸಹಸ್ರಪದಿಗಳನ್ನು ತಿಂದು, ಅವುಗಳ ಆಲ್ಕಲಾಯ್ಡನ್ನು ತಮ್ಮ ಚರ್ಮಕ್ಕೇ ಸಾಗಿಸಿಕೊಳ್ಳುತ್ತವೆ.

ಏರಿಕೆಯೆಂದರೆ ಎಲ್ಲರೂ ಏರಲೇಬೇಕೆಂದಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಜೀವವಿಕಾಸವನ್ನು ಒಪ್ಪುವವರೂ ಅದನ್ನೊಂದು ಏಣಿಯೆಂದು ತಪ್ಪು ತಿಳಿಯುತ್ತಾರೆ. ಪಾಲಿಕ್ಸೆನಿಡ ಗಣದ ಸಹಸ್ರಪದಿಗಳು ಕೆಲವೇ ಮಿಲಿಮೀಟರ್ ಉದ್ದ. ಕವಚ ಮೆದು, ವಿಷದ ಗ್ರಂಥಿಯಿಲ್ಲ. ಬಾಲದ ತುದಿಯಲ್ಲಿ ಮುಳ್ಳುಕೂದಲಿನ ಕುಚ್ಚಿದೆ. ಇರುವೆ ಬಂದರೆ ಕುಚ್ಚನ್ನು ಅದಕ್ಕೆ ತಾಗಿಸುತ್ತವೆ. ಕಿತ್ತುಬಂದ ಕೂದಲುಗಳು ಇರುವೆಯ ಮೀಸೆಗೂ ಬಾಯಿಗೂ ಸಿಕ್ಕಿಕೊಳ್ಳುತ್ತವೆ, ಬಿಡಿಸಿಕೊಳ್ಳಲು ಹೋದಷ್ಟೂ ಗಂಟಾಗುತ್ತವೆ. ಐಸ್ನರ್ ಅವರ ತಂಡ 1996ರಲ್ಲಿ ಇದನ್ನು ವಿವರವಾಗಿ ದಾಖಲಿಸಿತು. ನಮ್ಮ ಪಶ್ಚಿಮ ಘಟ್ಟದ ಆರ್ಥ್ರೋಸ್ಫೇರಾ ಇನ್ನೊಂದು ಬಗೆ. ಮುಟ್ಟಿದರೆ ನುಣುಪಾದ ಗೋಲಿಯಾಗಿ ಸುರುಳಿಕೊಳ್ಳುತ್ತದೆ, ತಲೆ ಕಾಲು ಯಾವುದೂ ಹೊರಗೆ ಕಾಣದು. ಅದಕ್ಕೂ ವಿಷದ ಗ್ರಂಥಿಯಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಸಹೋದ್ಯೋಗಿಗಳು ಇದೇ ಆರ್ಥ್ರೋಸ್ಫೇರಾ ತೋಟದ ತರಗೆಲೆಯನ್ನು ತಿಂದು ಗೊಬ್ಬರವಾಗಿಸುವ ಬಗೆಯನ್ನು ಅಭ್ಯಾಸ ಮಾಡಿದ್ದಾರೆ. ಸಯನೈಡಿನ ಕಾರ್ಖಾನೆ ಇಲ್ಲದೆಯೂ ಅದು ತನ್ನ ಕೆಲಸ ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದಿದೆ.

ಸುರುಳಿಕೊಳ್ಳುವವರಲ್ಲೂ ವಿಷ ಕಟ್ಟಿಕೊಂಡವರಿದ್ದಾರೆ. ಯುರೋಪಿನ ಗ್ಲೋಮೆರಿಸ್ ಮಾರ್ಜಿನೇಟಾ ಬೆನ್ನ ನಡುಗೆರೆಯಿಂದ ಅಂಟಂಟು ಹನಿಗಳನ್ನು ಬಿಡುತ್ತದೆ. ಅದರಲ್ಲಿರುವ ಕಹಿ ವಸ್ತುಗಳಿಗೆ ಗ್ಲೋಮೆರಿನ್, ಹೋಮೋಗ್ಲೋಮೆರಿನ್ ಎಂದು ಹೆಸರು. 1966ರಲ್ಲಿ ಜರ್ಮನಿಯಲ್ಲೂ ಅಮೆರಿಕದಲ್ಲೂ ಇವುಗಳ ರಚನೆಯನ್ನು ಬಿಡಿಸಿದಾಗ ಅವು ಕ್ವಿನಜೋಲಿನೋನ್ ಎಂಬ ವರ್ಗಕ್ಕೆ ಸೇರಿದವು ಎಂದು ತಿಳಿಯಿತು. ಇದೇ ವರ್ಗದ ಮೆಥಾಕ್ವಲೋನ್ ಎಂಬ ನಿದ್ರೆಯ ಔಷಧವನ್ನು ಮೊದಲು ತಯಾರಿಸಿದ್ದು ಭಾರತದಲ್ಲಿ: 1951ರಲ್ಲಿ ಇಂದ್ರ ಕಿಶೋರ್ ಕಕ್ಕರ್ ಮತ್ತು ಸೈಯದ್ ಹುಸೇನ್ ಜಹೀರ್, ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ. 1984ರಲ್ಲಿ ಜೇಮ್ಸ್ ಕ್ಯಾರೆಲ್ ಮತ್ತು ಐಸ್ನರ್ ತೋರಿಸಿದಂತೆ, ಗ್ಲೋಮೆರಿನ್ ಹೊಟ್ಟೆಗೆ ಹೋದ ತೋಳಜೇಡಗಳು ಮಂಪರು ಕವಿದು ಬಹಳ ಹೊತ್ತು ಕದಲದೆ ಬಿದ್ದಿರುತ್ತವೆ. ಪ್ರಾಣಿ ಈ ವಸ್ತುವನ್ನು ಆಂತ್ರನಿಲಿಕ್ ಆಮ್ಲದಿಂದ ತಾನೇ ತಯಾರಿಸುತ್ತದೆ ಎಂಬುದು 1960ರ ದಶಕದಲ್ಲೇ ಖಚಿತವಾಗಿತ್ತು. ಕ್ರೆಸಾಲಿನ ದಾರಿಗೂ ಇದಕ್ಕೂ ಸಂಬಂಧವಿಲ್ಲ, ಇದು ಬೇರೆಯದೇ ಕೊಂಬೆಯ ಸ್ವಂತ ಆವಿಷ್ಕಾರ.

ಕಾಲದ ಲೆಕ್ಕವನ್ನೂ ನೋಡಬೇಕು. ಗಾಳಿಯನ್ನುಸಿರಾಡುವ ರಂಧ್ರಗಳಿದ್ದ ಸಹಸ್ರಪದಿಯ ಪಳೆಯುಳಿಕೆಯೊಂದನ್ನು ಸ್ಕಾಟ್ಲೆಂಡಿನ ಸ್ಟೋನ್‌ಹೇವನ್ ಬಳಿ ಮೈಕ್ ನ್ಯೂಮನ್ ಎಂಬ ಬಸ್ ಚಾಲಕರು ಪತ್ತೆಮಾಡಿದರು. ಅವರ ಗೌರವಾರ್ಥ ಅದಕ್ಕೆ ನ್ಯೂಮೋಡೆಸ್ಮಸ್ ನ್ಯೂಮನಿ ಎಂದು ಹೆಸರಿಟ್ಟರು. ಅದರ ವಯಸ್ಸು 40 ಕೋಟಿ ವರ್ಷಗಳಿಗೂ ಹೆಚ್ಚು. ವಿಷದ ಗ್ರಂಥಿಯ ಬಾಯಿ ಕಾಣುವ ಪಳೆಯುಳಿಕೆಗಳು ಡೆವೋನಿಯನ್ ಯುಗದಲ್ಲೇ ಸಿಗುತ್ತವೆ, ಆ ಯುಗ ಮುಗಿದು ಸುಮಾರು 36 ಕೋಟಿ ವರ್ಷಗಳಾಗಿವೆ. ಇಂದು ಚೋರಟೆಯ ವಿಷದ ಪರೀಕ್ಷೆ ಮಾಡುವವರು ಹೆಚ್ಚಾಗಿ ಇರುವೆಗಳನ್ನು ಬಳಸುತ್ತಾರೆ, ಇರುವೆಗಳ ಕಾಟಕ್ಕೆ ಅದು ಒಳ್ಳೆಯ ರಕ್ಷಣೆಯೂ ಹೌದು. ಆದರೆ ನಮಗೆ ಸಿಕ್ಕಿರುವ ಅತಿ ಹಳೆಯ ಇರುವೆಯ ಪಳೆಯುಳಿಕೆಗಳಿಗೆ ಸುಮಾರು 11 ಕೋಟಿ ವರ್ಷ. ಡೆವೋನಿಯನ್ ಯುಗದಲ್ಲಿ ಹಕ್ಕಿಗಳೂ ಮಂಗಗಳೂ ಇರಲಿಲ್ಲ. ಗ್ರಂಥಿ ಮೊದಲು ತೆರೆದದ್ದು ಬಹುಶಃ ಜೇಡಗಳ ಹಳೆಯ ಬಂಧುಗಳಿಗಾಗಿ, ಅವುಗಳಲ್ಲಿ ಹಲವು ಅಳಿದುಹೋಗಿವೆ. ಒಂದು ಅಂಗ ಇಂದು ಮಾಡುವ ಕೆಲಸವನ್ನು ನೋಡಿ, ಅದು ಹುಟ್ಟಿದ್ದೇ ಇದಕ್ಕಾಗಿ ಎನ್ನುವುದು ಎರಡೂ ಪಕ್ಷದವರು ಮಾಡುವ ಅವಸರ. ಅರ್ಧ ಅಂಗದ ಪ್ರಶ್ನೆಯೂ ಈ ಅವಸರದ ಮೇಲೆಯೇ ನಿಂತಿದೆ: ಇಂದಿನ ಕೆಲಸದ ಅಳತೆಗೋಲು ಹಿಡಿದಾಗಲಷ್ಟೇ ನಿನ್ನೆಯದು ಅರ್ಧವಾಗಿ ಕಾಣುತ್ತದೆ.

ಕ್ಯಾಲಿಫೋರ್ನಿಯಾದ ಮೋಟಿಕ್ಸಿಯಾ ಎಂಬ ಸಹಸ್ರಪದಿಗಳು ಇದನ್ನು ಇನ್ನೂ ಸ್ಪಷ್ಟಪಡಿಸುತ್ತವೆ. ಸಯನೈಡಿರುವ ಕುರುಡು ಚಪ್ಪಟೆ ಸಹಸ್ರಪದಿಗಳಿವು, ರಾತ್ರಿ ಹಸಿರು ನೀಲಿಯಾಗಿ ಬೆಳಗುತ್ತವೆ. ಬೆಳಗುವವುಗಳನ್ನೂ, ಬಣ್ಣ ಬಳಿದು ಬೆಳಕು ಮುಚ್ಚಿದವುಗಳನ್ನೂ ಕಾಡಿನಲ್ಲಿಟ್ಟು ನೋಡಿದಾಗ, ಬೆಳಗದವು ಹೆಚ್ಚು ದಾಳಿಗೆ ತುತ್ತಾದವು ಎಂದು 2011ರಲ್ಲಿ ಪಾಲ್ ಮಾರೆಕ್ ಮತ್ತು ಸಂಗಡಿಗರು ವರದಿ ಮಾಡಿದರು. ಬೆಳಕು ಇಲ್ಲಿ ವಿಷದ ಜಾಹೀರಾತು. ಆದರೆ 2015ರಲ್ಲಿ ಅವರೇ, ಬೆಟ್ಟದ ಕೆಳಗಿನ ಬಿಸಿ ಒಣ ಪ್ರದೇಶದಲ್ಲಿ ಬದುಕುವ, ತೀರ ಮಂದವಾಗಿ ಬೆಳಗುವ ಒಂದು ಬಂಧುವನ್ನು ವಂಶವೃಕ್ಷದಲ್ಲಿ ಸೇರಿಸಿದಾಗ ಚಿತ್ರ ಬೇರೆಯಾಯಿತು. ಬಿಸಿಲ ನಾಡಿನಲ್ಲಿ ದೇಹದೊಳಗೆ ಹೆಚ್ಚುವ ಆಕ್ಸಿಜನ್‌ನ ಹಾನಿಕರ ರೂಪಗಳನ್ನು ತಟಸ್ಥಗೊಳಿಸುವ ರಸಾಯನವಾಗಿ ಈ ಬೆಳಕು ಹುಟ್ಟಿರಬೇಕು, ಎಚ್ಚರಿಕೆಯ ದೀಪವಾದದ್ದು ಆಮೇಲೆ ಎಂದು ಅವರು ವಾದಿಸಿದರು. ಮಿಣುಕು ಬೆಳಕು ಯಾವ ಬೇಟೆಗಾರನನ್ನೂ ಹೆದರಿಸದೇ ಇದ್ದಿರಬಹುದು. ಅದನ್ನು ಹೊತ್ತವನಿಗೆ ಆಗ ಬೇಕಾಗಿದ್ದುದು ಬೇರೆ.

ಇಂಥ ಪ್ರಶ್ನೆಗಳನ್ನು ಕೇಳಬೇಕಾದ ಜಾಗ ಶಾಲೆ. ಆದರೆ 2023ರಲ್ಲಿ ಎನ್‌ಸಿಇಆರ್‌ಟಿ ತನ್ನ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. ಮಕ್ಕಳ ಹೊರೆ ಇಳಿಸಲು ಎಂಬುದು ಕೊಟ್ಟ ಕಾರಣ. ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ಮರಳಿ ಸೇರಿಸಬೇಕೆಂದು ಸಹಿ ಮಾಡಿ ಕೇಳಿದರು. ಮುಂದೆ ಜೀವಶಾಸ್ತ್ರ ಆರಿಸಿಕೊಂಡವರು ಹೇಗೂ ಕಲಿಯುತ್ತಾರಲ್ಲ ಎಂಬ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ವಾಣಿಜ್ಯಕ್ಕೋ ಐಟಿಐಗೋ ಹೋಗುವ ಮಕ್ಕಳಿಗೆ ಹತ್ತನೇ ತರಗತಿಯೇ ಜೀವಶಾಸ್ತ್ರದ ಕೊನೆಯ ಪಾಠ. ಅರ್ಧ ಅಂಗದಿಂದ ಏನು ಪ್ರಯೋಜನ ಎಂದು ಕೇಳುವ ಹಕ್ಕು ಅವರಿಗೂ ಇದೆ, ಬಲ್ಲವರಿಂದ ಉತ್ತರ ಕೇಳಿಸಿಕೊಳ್ಳುವ ಹಕ್ಕೂ ಇದೆ. ಪ್ರಶ್ನೆಯೇ ಕಿವಿಗೆ ಬೀಳದಂತೆ ಮಾಡುವುದರಿಂದ ಮಗುವಿನ ಹೊರೆ ಇಳಿಯುವುದಿಲ್ಲ. ಘಟ್ಟದ ಯಾವುದೇ ಹಳ್ಳಿ ಶಾಲೆಯ ಮಕ್ಕಳು ಜೂನ್ ತಿಂಗಳಲ್ಲಿ ಬೇಲಿಯ ಬುಡದ ತರಗೆಲೆಯನ್ನು ಕಡ್ಡಿಯಿಂದ ಸರಿಸಿದರೆ, ಗೋಲಿಯಾಗಿ ಸುರುಳುವುದು, ಕಂದು ರಸ ಒಸರುವ ಉರುಟು ಚೋರಟೆ, ಬಾದಾಮಿ ವಾಸನೆಯ ಚಪ್ಪಟೆ ಚೋರಟೆ ಒಂದೇ ಕಡೆ ಸಿಗುವ ಸಾಧ್ಯತೆ ಇದೆ. ಗ್ರಂಥಿ ಇಲ್ಲದ್ದು, ಒಂದು ಕೋಣೆಯದು, ಎರಡು ಕೋಣೆಯದು. ಇದಕ್ಕಿಂತ ಒಳ್ಳೆಯ ಪಾಠೋಪಕರಣ ಯಾವ ಪ್ರಯೋಗಾಲಯವೂ ಮಾರುವುದಿಲ್ಲ.

ಚೋರಟೆಯ ವಿಷ ಹೆಜ್ಜೆ ಹೆಜ್ಜೆಯಾಗಿ ಬಂತೆಂಬ ವಾದ ಸುಳ್ಳಾಗುವ ದಾರಿಯೂ ತೆರೆದೇ ಇದೆ, ನನಗೆ ಇದರಲ್ಲಿ ನಂಬಿಕೆ ಮೂಡಿರುವುದು ಅದರಿಂದಲೇ. ಸಯನೈಡಿನ ದಾರಿ ಹೆಜ್ಜೆ ಹೆಜ್ಜೆಯಾಗಿ ಬಂದಿದ್ದರೆ, ಪಾಲಿಡೆಸ್ಮಿಡ ಗಣದ ಬುಡದ ಕೊಂಬೆಗಳಲ್ಲಿ ಫೀನಾಲ್ ಹೆಚ್ಚು, ಸಯನೈಡು ಕಡಿಮೆ ಅಥವಾ ಇಲ್ಲವೇ ಇಲ್ಲ ಎಂಬ ಪ್ರಭೇದಗಳು ಸಿಗಬೇಕು. ಎರಡನೆಯ ಕೋಣೆ ಸರಿಯಾಗಿ ಬೇರ್ಪಡದವು, ಕಿಣ್ವ ಮಂದವಾದವು ಸಿಗಬೇಕು. ಬುಡದ ಕೊಂಬೆಗಳಲ್ಲೇ ಎಲ್ಲವೂ ಪೂರ್ತಿಯಾಗಿ ಇದ್ದು, ಹಿಂದಿನ ಹಂತದ ಸುಳಿವು ಜೀನುಗಳಲ್ಲೂ ಇಲ್ಲವಾದರೆ ಮೈವಾರ್ಟ್ ಪಕ್ಷ ಬಲವಾಗುತ್ತದೆ. ಪರೀಕ್ಷೆ ಕಷ್ಟದ್ದಲ್ಲ. ಪ್ರಾಣಿಯನ್ನು ಸೀಸೆಯಲ್ಲಿಟ್ಟು, ಮೆಲ್ಲಗೆ ಕೆಣಕಿ, ಬಿಟ್ಟ ಆವಿಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಕೊಟ್ಟರೆ ಯಾವ ವಸ್ತು ಎಷ್ಟಿದೆ ಎಂದು ತಿಳಿಯುತ್ತದೆ, ಪ್ರಾಣಿಯನ್ನು ಹಿಡಿದ ಜಾಗದಲ್ಲೇ ಮರಳಿ ಬಿಡಬಹುದು. ಅಂಥ ಯಂತ್ರ ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಇದೆ, ಪ್ರಾಣಿಗಳು ಅವುಗಳ ಆವರಣದ ಮರಗಳ ಬುಡದಲ್ಲೇ ಇವೆ.